ಚೌಕಳಿ ಸೀರೆಯ ಗ್ರಾಫು

ಕೆಳಗಿನೂರಿನಲ್ಲಿ ಯಾರೂ ಗ್ರಾಫು ಬರೆಯುತ್ತಿರಲಿಲ್ಲ. ಬರೆಯುವ ಕೆಲಸ ಸುಗಮದ್ದಾಗಿತ್ತು.

ಸುಗಮ ಎಂದರೆ ನಿಯಂತ್ರಣ ಕೊಠಡಿಯಲ್ಲಿದ್ದ ಯಂತ್ರ. ಊರಿನ ಪ್ರತಿ ಸುರಂಗದಲ್ಲೂ ನೆಟ್ಟ ಮಾಪಕಗಳು ಗಾಳಿಯ ಒತ್ತಡ, ಉಷ್ಣತೆ, ತೇವ, ಇಂಗಾಲದ ಡೈಆಕ್ಸೈಡಿನ ಪ್ರಮಾಣ ಎಲ್ಲವನ್ನೂ ಗಂಟೆಗೊಮ್ಮೆ ಅಳೆದು ಅದಕ್ಕೆ ಕಳಿಸುತ್ತಿದ್ದವು. ಅದು ಆ ಅಂಕಿಗಳನ್ನೆಲ್ಲ ಕೂಡಿಸಿ, ದಿನಕ್ಕೊಂದು ಸರಾಸರಿ ಮಾಡಿ, ಊಟದ ಸಾಲೆಯ ಪರದೆಯ ಮೇಲೆ ನಯವಾದ ಗೆರೆಗಳನ್ನು ಎಳೆಯುತ್ತಿತ್ತು. ಮೇಲಿನ ನೆಲದಲ್ಲಿದ್ದಾಗ ಜನ ಎದ್ದ ಕೂಡಲೇ ಆಕಾಶ ನೋಡುವಂತೆ ಇಲ್ಲಿ ಆ ಗೆರೆಗಳನ್ನು ನೋಡುತ್ತಿದ್ದರು. ಮೊದಮೊದಲು ಅವು ಹೀಗಿರಲಿಲ್ಲವಂತೆ. ಗಂಟೆಗಂಟೆಯ ಚುಕ್ಕಿಯೂ ಕಾಣುತ್ತಿತ್ತಂತೆ. ಒಂದು ಬೇಸಿಗೆಯಲ್ಲಿ ಚುಕ್ಕಿಗಳು ಕೊಂಚ ಮೇಲೇರಿದ್ದನ್ನು ಕಂಡು ಜನ ಗಾಬರಿಬಿದ್ದು ಲಿಫ್ಟಿನ ಬಾಗಿಲಿಗೆ ನುಗ್ಗಿದ್ದರು. ಆಮೇಲೆ ಸಣ್ಣ ಏರಿಳಿತವನ್ನೆಲ್ಲ ಒರೆಸಿ ತೋರಿಸುವಂತೆ ಯಂತ್ರವನ್ನು ತಿದ್ದಲಾಯಿತು. ಅಂದಿನಿಂದ ಊರು ನೆಮ್ಮದಿಯಾಗಿತ್ತು.

ಊರೆಂದರೆ ಹೊನ್ನಗುಡ್ಡದ ಹೊಟ್ಟೆಯೊಳಗಿನ ಹಳೆಯ ಚಿನ್ನದ ಗಣಿ. ಬೇಸಿಗೆಯ ಬಿಸಿಲು ಮನುಷ್ಯರು ತಾಳುವ ಮಟ್ಟ ಮೀರಿದ ಮೇಲೆ, ಸುತ್ತಲಿನ ಜನ ಹೋಳಿ ಹುಣ್ಣಿಮೆ ಮುಗಿದೊಡನೆ ಕೆಳಗಿಳಿದು, ಮಳೆ ಬಿದ್ದ ಮೇಲೆ ಮೇಲೆ ಹೋಗುವುದು ವಾಡಿಕೆಯಾಗಿತ್ತು. ಆ ವರ್ಷ ಇಳಿದವರು ತೊಂಬತ್ತರ ಹತ್ತಿರ. ಗಾಳಿಯ ಮಾಪಕಗಳ ಉಸ್ತುವಾರಿ ವಿಶಾಲಾಕ್ಷಿ ಹಡಪದಳದು. ಅವಳ ಗಂಡ ಶರಣಪ್ಪ ಸುರಂಗ ಅಗಲ ಮಾಡುವ ಕಲ್ಲುಕೆಲಸದವರ ಮುಖ್ಯಸ್ಥ. ಗಂಡ ಹೆಂಡತಿ, ಮಗಳು ಭಾಗ್ಯ, ಅತ್ತೆ ಬಸಲಿಂಗವ್ವ ನಾಲ್ವರೂ ನಡುಸುರಂಗದ ಒಂದೇ ಕೋಣೆಯಲ್ಲಿದ್ದರು. ಬಸಲಿಂಗವ್ವನಿಗೆ ದಮ್ಮಿನ ಕಾಯಿಲೆ. ಮೇಲಿನ ಧೂಳಿಗಿಂತ ಕೆಳಗೇ ವಾಸಿ ಎಂದು ಮಗ ಕರೆತಂದಿದ್ದ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಜನ ನಾಷ್ಟಾಕ್ಕೆ ಕೂತಿದ್ದಾಗ, ಮೇಲಕ್ಕೆ ಹೋಗುವ ಬಾವಿಯಂಥ ದಾರಿ, ಶಾಫ್ಟು, ಕುಸಿಯಿತು. ಸದ್ದು ದೊಡ್ಡದೇನೂ ಇರಲಿಲ್ಲ. ನೆಲ ಒಮ್ಮೆ ಅದುರಿತು, ತಟ್ಟೆಗಳು ಸರಿದವು, ದೀಪ ಹೋಗಿ ಬ್ಯಾಟರಿಯ ಮಂದ ದೀಪ ಹತ್ತಿತು. ಲಿಫ್ಟು, ಕರೆಂಟಿನ ಕೇಬಲ್ಲು, ಫೋನು, ಮೇಲಿನಿಂದ ಗಾಳಿ ತರುವ ಕೊಳವೆ ಎಲ್ಲವೂ ಆ ಒಂದೇ ಬಾವಿಯಲ್ಲಿದ್ದವು. ಎಲ್ಲವೂ ಒಟ್ಟಿಗೆ ಕಲ್ಲಿನಡಿ ಹೂತುಹೋದವು. ಮೊದಲ ಎರಡು ದಿನ ಮೇಲಿನಿಂದ ಕುಟ್ಟುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

ಉಸಿರಿಗೆ ಉಳಿದದ್ದು ಒಳಗಿನ ಗಾಳಿ ಮತ್ತು ಸುಣ್ಣದ ತಟ್ಟೆಗಳು. ಜನ ಬಿಡುವ ಇಂಗಾಲದ ಡೈಆಕ್ಸೈಡನ್ನು ಆ ಸುಣ್ಣದ ಪುಡಿ ಹೀರಿಕೊಳ್ಳುತ್ತಿತ್ತು. ಹೀರಿ ಹೀರಿ ಕೊನೆಗೆ ಕೆಲಸಕ್ಕೆ ಬಾರದ ಬಿಳಿ ಮಣ್ಣಾಗುತ್ತಿತ್ತು. ಹೊಸ ತಟ್ಟೆಗಳು ಇದ್ದವು, ಆದರೆ ಬಹಳ ಇರಲಿಲ್ಲ. ನಿಯಂತ್ರಣ ಕೊಠಡಿಯ ಮುಖ್ಯಸ್ಥ ದೇವೇಂದ್ರಪ್ಪ ಗಾಣಿಗೇರರು ಎಲ್ಲರನ್ನೂ ಕರೆದು, ಮಲಗಿರಬೇಕು, ಮಾತು ಕಡಿಮೆ ಮಾಡಬೇಕು, ಮಕ್ಕಳನ್ನು ಆಡಲು ಬಿಡಬಾರದು ಎಂದರು. ಪರದೆಯ ಮೇಲಿನ ಗೆರೆ ತೋರಿಸಿದರು. ಅದು ನಿಧಾನವಾಗಿ, ನೇರವಾಗಿ ಏರುತ್ತಿತ್ತು.

"ಹಿಂಗ ಹೋದ್ರ ಮೇಲಿನವ್ರು ಬರೂತನಕ ಸಾಕಾಗತೈತಿ," ಅಂದರು. "ಅಂಜಬ್ಯಾಡ್ರಿ. ಸುಮ್ನ ಮಕ್ಕೋರಿ."

ಜನ ಮಲಗಿದರು. ಕೆಲವೇ ದಿನಗಳಲ್ಲಿ ಎಲ್ಲರಿಗೂ ತಲೆನೋವು ಶುರುವಾಯಿತು. ನೀರಿನ ಕೊಡ ಎತ್ತಿದರೆ ಏದುಸಿರು ಬರುತ್ತಿತ್ತು. ಭಾಗ್ಯ ಮಾತಾಡುವುದನ್ನೇ ಬಿಟ್ಟು, ಗೋಡೆಗೆ ಮುಖ ಮಾಡಿ ಬಿದ್ದುಕೊಂಡಿರುತ್ತಿದ್ದಳು. ಬಸಲಿಂಗವ್ವ ಮಾತ್ರ ಹಗಲೂ ರಾತ್ರಿ ಕೂತೇ ಇದ್ದಳು.

"ಅತ್ತಿ, ಜರಾ ಅಡ್ಡಾಗ್ರಿ. ಕುಂತ್ರ ಉಸುರು ಹೆಚ್ಚು ಬೇಕಾಕ್ಕೈತಿ," ಎಂದಳು ವಿಶಾಲಾಕ್ಷಿ.

"ಅಡ್ಡಾದ್ರ ಎದಿ ಮ್ಯಾಲೆ ಕಲ್ಲು ಇಟ್ಟಂಗಾಕ್ಕೈತವ್ವ. ಕುಂದರ್ತೀನಿ ಬಿಡು. ನನ್ನ ಪಾಲಿನ ಊಟಾ ಕಡಿಮಿ ಮಾಡ್ರಿ ಬೇಕಾದ್ರ."

ವಿಶಾಲಾಕ್ಷಿ ನಿಯಂತ್ರಣ ಕೊಠಡಿಗೆ ಹೋದದ್ದು ಆ ಏರುವ ಗೆರೆಯ ಬಗ್ಗೆ ಅನುಮಾನ ಬಂದು. ಸುಣ್ಣ ತೀರುತ್ತ ಬಂದಂತೆ ಗೆರೆ ಬಾಗಿ ಜೋರಾಗಿ ಏರಬೇಕು. ಸುಗಮ ಅದನ್ನು ನೇರ ಮಾಡಿ ತೋರಿಸುತ್ತಿದೆಯೇ ಎಂಬುದು ಅವಳ ಪ್ರಶ್ನೆ. ಬ್ಯಾಟರಿ ಉಳಿಸಲೆಂದು ಪರದೆಗಳನ್ನು ಆರಿಸಿದ್ದ ದೇವೇಂದ್ರಪ್ಪನವರು ಸ್ವಲ್ಪ ಹೊತ್ತಿಗೆ ಎಂದು ಹೇಳಿ ಒಂದನ್ನು ಹಚ್ಚಿಕೊಟ್ಟರು. ಅವಳು ಗೆರೆ ಕೇಳಲಿಲ್ಲ, ಮಾಪಕಗಳ ಕಚ್ಚಾ ಅಂಕಿಗಳನ್ನು ಕೇಳಿದಳು. ಅಂಕಿಗಳು ಸಾಲುಸಾಲಾಗಿ ಬಂದವು. ಅನುಮಾನ ನಿಜವಾಗಿತ್ತು: ಕೆಟ್ಟ ಗಾಳಿ ಗೆರೆ ತೋರಿಸುವುದಕ್ಕಿಂತ ಬೇಗ ಹೆಚ್ಚುತ್ತಿತ್ತು. ಮೇಲಿನವರು ಬರುವ ತನಕ ಸಾಕಾಗುವಂತಿರಲಿಲ್ಲ.

ದೇವೇಂದ್ರಪ್ಪನವರು ಆ ಸಾಲುಗಳನ್ನು ಎರಡು ಸಲ ಓದಿ ಕುರ್ಚಿಗೆ ಒರಗಿದರು. "ಇದನ್ನ ಹೊರಗ ಹೇಳಬ್ಯಾಡ ತಂಗಿ," ಎಂದರು ಮೆಲ್ಲಗೆ. "ಹೇಳಿ ಏನ್ ಮಾಡೂಣು? ಓಡಾಕ ಎಲ್ಲೈತಿ ಜಾಗಾ?"

ಅವಳ ಕಣ್ಣು ಆಗ ಇನ್ನೊಂದು ಸಾಲಿನ ಮೇಲೆ ನಿಂತಿತ್ತು. ಪಡುವಣ ಸುರಂಗದ ಗಾಳಿಯ ಒತ್ತಡ. ಆ ಸುರಂಗ ಮುಂದೆ ದಾರಿಯಿಲ್ಲದ್ದು. ಖಾಲಿ ಚೀಲ, ಮುರಿದ ಸಾಮಾನು ಇಡುವ ಜಾಗ, ಕಬ್ಬಿಣದ ಬಾಗಿಲು ಸದಾ ಮುಚ್ಚಿರುತ್ತಿತ್ತು. ಶಾಫ್ಟು ಮುಚ್ಚಿದ ಮೇಲೆ ಗಾಳಿಯ ಒತ್ತಡ ಎಲ್ಲಿಯೂ ಹೆಚ್ಚು ಬದಲಾಗಬಾರದು. ಪಡುವಣದ ಅಂಕಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಒಂದೇ ಇರಲಿಲ್ಲ. ಸುಗಮಕ್ಕೆ ಅದು ಒರೆಸಬೇಕಾದ ಸಣ್ಣ ಏರಿಳಿತ. ಅವಳಿಗೆ ಅದನ್ನು ಬರೆದು ನೋಡಬೇಕೆನಿಸಿತು.

ಬರೆಯಲು ಕಾಗದವಿರಲಿಲ್ಲ. ಆ ಊರಿನಲ್ಲಿ ಕಾಗದದ ಬಳಕೆ ನಿಂತು ಎಷ್ಟೋ ವರ್ಷವಾಗಿತ್ತು. ಕೋಣೆಗೆ ಬಂದು ಹುಡುಕುವಾಗ ಅತ್ತೆಯ ಗಂಟಿನಲ್ಲಿದ್ದ ಕರಿನೀಲಿಯ ಚೌಕಳಿ ಸೀರೆ ಕಣ್ಣಿಗೆ ಬಿತ್ತು. ಉದ್ದಕ್ಕೂ ಒಂದೇ ಅಳತೆಯ ಚೌಕಗಳು.

"ತಗೋ," ಎಂದಳು ಬಸಲಿಂಗವ್ವ. "ಆದ್ರ ನಾನೂ ಬರ್ತೀನಿ. ಇಲ್ಲಿ ಗ್ವಾಡಿ ನೋಡಿ ನೋಡಿ ಸಾಕಾಗೈತಿ."

ನಿಯಂತ್ರಣ ಕೊಠಡಿಯ ನೆಲದ ಮೇಲೆ ಸೀರೆ ಹಾಸಿದರು. ಬಳಸಿ ಬಿಟ್ಟ ತಟ್ಟೆಯ ಬಿಳಿ ಸುಣ್ಣವನ್ನು ನೀರಿನಲ್ಲಿ ಕಲಸಿಕೊಂಡರು. ಅಡ್ಡಕ್ಕೆ ಒಂದು ಚೌಕ ಒಂದು ಗಂಟೆ, ಮೇಲಕ್ಕೆ ಎರಡು ಚೌಕ ಒತ್ತಡದ ಒಂದು ಮಿಲಿಬಾರು. ಸೊನ್ನೆಯಿಂದ ಶುರು ಮಾಡಿದರೆ ಸೀರೆಯ ಅಗಲ ಆಳೆತ್ತರದ ಎಷ್ಟೋ ಪಟ್ಟು ಬೇಕಾಗುತ್ತಿತ್ತು, ಅಳತೆ ಕುಗ್ಗಿಸಿದರೆ ಏರಿಳಿತ ಕಣ್ಣಿಗೇ ಬೀಳುತ್ತಿರಲಿಲ್ಲ. ಅದಕ್ಕೆ ಅವಳು ಒಂಬೈನೂರ ಎಪ್ಪತ್ತರಿಂದ ಶುರು ಮಾಡಿ, ಆ ಅಂಕಿಯನ್ನು ಅಂಚಿನ ಮೇಲೆ ದೊಡ್ಡದಾಗಿ ಬರೆದಳು. ಪರದೆ ನೋಡಿ ಅವಳು ಹೇಳಿದಂತೆ ಬಸಲಿಂಗವ್ವ ಬೆರಳು ಅದ್ದಿ ಚುಕ್ಕಿ ಇಡುತ್ತ ಹೋದಳು. ನಡುನಡುವೆ ದಮ್ಮು ಹತ್ತಿ ನಿಲ್ಲಿಸುತ್ತಿದ್ದಳು.

"ಗೆರಿ ಎಳಿಯೂದಿಲ್ಲೇನು?"

"ಈಗ ಬ್ಯಾಡ್ರಿ ಅತ್ತಿ. ಗೆರಿ ಎಳದ್ರ ಕಣ್ಣು ಗೆರೀನ ನೋಡತೈತಿ, ಚುಕ್ಕಿ ನೋಡಂಗಿಲ್ಲ."

ನಾಲ್ಕು ದಿನದ ಚುಕ್ಕಿ ಇಟ್ಟ ಮೇಲೆ ವಿಶಾಲಾಕ್ಷಿ ಎದ್ದು ದೂರ ನಿಂತು ನೋಡಿದಳು. ದಿನಕ್ಕೆ ಎರಡು ಉಬ್ಬು. ಬೆಳಗಿನ ಹತ್ತರ ಸುಮಾರಿಗೆ ಒಂದು, ರಾತ್ರಿ ಹತ್ತರ ಸುಮಾರಿಗೆ ಒಂದು. ನಡುವೆ ನಾಲ್ಕು ಗಂಟೆಗೆ ತಗ್ಗು. ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ನಮ್ಮಂಥ ಉಷ್ಣ ಪ್ರದೇಶದಲ್ಲಿ ಸೂರ್ಯನ ಕಾವಿಗೆ ಇಡೀ ವಾಯುಮಂಡಲವೇ ದಿನಕ್ಕೆರಡು ಬಾರಿ ಹೀಗೆ ಉಬ್ಬಿ ಇಳಿಯುತ್ತದೆ. ಪಡುವಣ ಸುರಂಗದ ಮಾಪಕ ಅಳೆಯುತ್ತಿದ್ದದ್ದು ಮುಚ್ಚಿದ ಗಣಿಯ ಒತ್ತಡವನ್ನಲ್ಲ, ಹೊರಗಿನ ಆಕಾಶದ ಒತ್ತಡವನ್ನು.

ದೇವೇಂದ್ರಪ್ಪನವರು ಮೊಣಕಾಲೂರಿ ಚುಕ್ಕಿಗಳನ್ನು ಹತ್ತಿರದಿಂದ ನೋಡಿದರು. ಅವರು ಹಟಮಾರಿಯಾಗಿರಲಿಲ್ಲ, ತೊಂಬತ್ತು ಜನರ ಉಸಿರು ಅವರ ತಲೆಯ ಮೇಲಿತ್ತು.

"ಅಲ್ಲಿ ಶರಣಪ್ಪ ಕುಸದ ಮರುದಿನಾನ ದಾರ ಹಿಡದು ನೋಡ್ಯಾನ. ಗಾಳಿ ಆಡಲಿಲ್ಲಂದ."

"ಎಷ್ಟೊತ್ತಿಗೆ ನೋಡಿದ್ರಂತ ಕೇಳ್ರಿ."

ಶರಣಪ್ಪನನ್ನು ಕರೆಸಿದರು. ಬೆಳಗಿನ ಚಹಾ ಆದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಎಂದ. ಒತ್ತಡ ಏರಿ ಮುಗಿದು ಇನ್ನೂ ಇಳಿಯಲು ಶುರುವಾಗದ ಹೊತ್ತು ಅದು. ಗಾಳಿ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಮತ್ತೆ ನೋಡೋಣ, ಆಗ ಗಾಳಿ ನಮ್ಮ ಕಡೆಯಿಂದ ಕಲ್ಲಿನೊಳಕ್ಕೆ ಹೋಗಬೇಕು ಎಂದಳು ವಿಶಾಲಾಕ್ಷಿ. ಒಂದಕ್ಕೆ ಮೂವರೂ ಹೋದರು. ಸುರಂಗದ ತುದಿಯಲ್ಲಿ ಹಿಂದಿನ ಕಾಲದ ಗಣಿಯವರು ಕಲ್ಲು ಒಟ್ಟಿ ಮುಚ್ಚಿದ ಗೋಡೆಯಿತ್ತು. ಶರಣಪ್ಪ ದಾರ ಹಿಡಿದ. ದಾರದ ತುದಿ ತುಸುವೇ, ಗೋಡೆಯ ಕಡೆಗೆ ವಾಲಿತು.

ಶರಣಪ್ಪ ದಾರ ಸುತ್ತಿಕೊಳ್ಳುತ್ತ ಕೇಳಿದ. "ಸಂದಿನೋ, ದಾರಿನೋ? ಬೆರಳು ತೂರೂವಂಥ ಸಂದಿ ಆಗಿದ್ರೂ ಗಾಳಿ ಆಡತೈತಿ. ಒಡ್ಯಾಕ ಎಂಟು ಮಂದಿ ಬೇಕು. ಒಬ್ಬೊಬ್ಬ ನಾಕು ಮಂದಿ ಗಾಳಿ ಉಸುರಾಡತಾನ. ಒಡದು ಸಂದಿ ಅಂತಾದ್ರ?"

ಅದೇ ನಿಜವಾದ ಪ್ರಶ್ನೆ. ಸುಮ್ಮನೆ ಮಲಗಿದರೆ ಇನ್ನೂ ಕೆಲವು ದಿನ ಇದ್ದವು. ಒಡೆದರೆ ಅವೂ ಇರುತ್ತಿರಲಿಲ್ಲ.

ಸಂಜೆ ಊಟದ ಸಾಲೆಯಲ್ಲಿ ಜನರ ಮುಂದೆ ಸೀರೆ ತೂಗುಹಾಕಿದಾಗ ವಿಶಾಲಾಕ್ಷಿ ತಪ್ಪು ಮಾಡಿದಳು. ಎಲ್ಲ ಸುರಂಗಗಳ ಒತ್ತಡವನ್ನೂ, ಜೊತೆಗೆ ಕೆಟ್ಟ ಗಾಳಿಯ ಪ್ರಮಾಣವನ್ನೂ ಒಂದರ ಮೇಲೊಂದು ಇಟ್ಟಿದ್ದಳು. ಏನನ್ನೂ ಮುಚ್ಚಿಡಬಾರದೆಂಬುದು ಅವಳ ಆಸೆ. ಜನರಿಗೆ ಕಂಡದ್ದು ಸೀರೆಯ ಮೇಲೆ ಚೆಲ್ಲಿದ ಅಕ್ಕಿಯಂಥ ಬಿಳುಪು. ಅವಳು ಅರ್ಧ ಗಂಟೆ ವಿವರಿಸಿದಳು. ಹಿಂದೆ ಕೂತವರು ಕಣ್ಣು ಮುಚ್ಚಿಕೊಂಡರು. ಅಡುಗೆಯ ಉಸ್ತುವಾರಿ ಹುಲಿಗೆಮ್ಮ ಎದ್ದು, "ಅಕ್ಕಾ, ನೀ ಏನ್ ಹೇಳಾಕತ್ತೀದಿ ನನಗ ತಿಳೀವಲ್ದು. ತಲಿ ಸಿಡಿಯಾಕತ್ತೈತಿ," ಎಂದು ಹೊರಟುಹೋದಳು. ಒಬ್ಬೊಬ್ಬರಾಗಿ ಉಳಿದವರೂ ಹೋದರು.

ಮರುದಿನ ಬೆಳಿಗ್ಗೆ ಅವಳು ಸೀರೆ ಒಗೆದಳು. ಈ ಸಲ ಎರಡೇ ಸಾಲು. ಮೇಲೆ ಪಡುವಣ ಸುರಂಗ, ಅದರ ಕೆಳಗೆ ನಡುಸುರಂಗ, ಎರಡಕ್ಕೂ ಒಂದೇ ಗಂಟೆಯ ಅಳತೆ, ಒಂದೇ ಮಿಲಿಬಾರಿನ ಅಳತೆ. ಶಾಫ್ಟು ಕುಸಿದ ಗಂಟೆಗೆ ಮೇಲಿನಿಂದ ಕೆಳಗಿನವರೆಗೆ ಒಂದು ನೇರ ಗೀಟು. ಗೀಟಿನ ಎಡಕ್ಕೆ ಕುಸಿಯುವ ಮುಂಚಿನ ದಿನಗಳು, ಬಲಕ್ಕೆ ಆಮೇಲಿನವು. ಚುಕ್ಕಿಗಳು ದೊಡ್ಡವು, ಸಾಲೆಯ ಕೊನೆಯವರಿಗೂ ಕಾಣುವಷ್ಟು.

ಬಸಲಿಂಗವ್ವ ಅಂದು ಪ್ರತಿ ಚುಕ್ಕಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಆದರೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಮುಗಿದಾಗ ದೇವೇಂದ್ರಪ್ಪನವರು ಬಂದು ನಿಂತರು. ಪಡುವಣ ಸಾಲಿನಲ್ಲಿ ಎರಡು ಚುಕ್ಕಿಗಳು ಉಳಿದವುಗಳನ್ನು ಬಿಟ್ಟು ಕೆಳಗೆ ಬಿದ್ದಿದ್ದವು.

"ಇವೆರಡು ಒರಸಿಬಿಡು ತಂಗಿ. ಮಂದಿ ಇವನ್ನ ಹಿಡಕೊಂಡು ಜಗ್ಗತಾರ."

"ಒರಸಂಗಿಲ್ರಿ ಸಾಹೇಬ್ರ. ಅಳತಿ ಹಂಗ ಬಂದಾವ."

"ಯಾಕ ಹಂಗ ಬಂದಾವ?"

"ನನಗ ಗೊತ್ತಿಲ್ರಿ."

ಜನ ಸೇರಿದರು. ಇರುವ ಗಾಳಿ ಮೇಲಿನವರು ಬರುವ ತನಕ ಸಾಲದೆಂದು ಮೊದಲೇ ಹೇಳಿದ ಅವಳು ಈ ಸಲ ಹೆಚ್ಚು ವಿವರಿಸಲು ಹೋಗಲಿಲ್ಲ. ಕೋಲು ಹಿಡಿದು ಗೀಟಿನ ಎಡಕ್ಕೆ ತೋರಿಸಿದಳು: ಶಾಫ್ಟು ತೆರೆದಿದ್ದಾಗ ಎರಡೂ ಸುರಂಗದಲ್ಲಿ ದಿನಕ್ಕೆ ಎರಡು ಉಬ್ಬು. ಬಲಕ್ಕೆ ತೋರಿಸಿದಳು: ನಡುಸುರಂಗದಲ್ಲಿ ಉಬ್ಬು ಅಡಗಿ ಹೋಗಿತ್ತು, ಚೂರುಪಾರು ಉಳಿದದ್ದೂ ತಡವಾಗಿ ಬರುತ್ತಿತ್ತು. ಅದು ಪಡುವಣದ ಬಾಗಿಲ ಸಂದಿಯಿಂದ ನುಸುಳಿ ಬಂದ ಗಾಳಿ. ಪಡುವಣದಲ್ಲಿ ಉಬ್ಬು ಮೊದಲಿನಷ್ಟೇ ಎತ್ತರ, ಅದೇ ಗಂಟೆಗೆ.

"ಸಣ್ಣ ಸಂದಿ ಇದ್ರ ಪಡುವಣದ್ದೂ ನಡುಸುರಂಗದಂಗ ಕುಗ್ಗಬೇಕಿತ್ತು, ತಡಾ ಆಗಬೇಕಿತ್ತು. ಆಗಿಲ್ಲ. ಅಂದ್ರ ಆ ಕಲ್ಲಿನ ಆಚಿ ಮ್ಯಾಲಿನತನಕ ಅಗಲ ದಾರಿ ಇರಬೇಕು. ಈ ಅಳತಿ ಸೊನ್ನಿಯಿಂದ ಶುರು ಆಗಿಲ್ಲ, ಒಂಬೈನೂರ ಎಪ್ಪತ್ತರಿಂದ ಆಗೈತಿ. ಅದಕ್ಕ ಉಬ್ಬು ದೊಡ್ಡದು ಕಾಣತೈತಿ. ಖರೇನ ಅದು ಮೂರು ಮಿಲಿಬಾರು ಅಷ್ಟ."

ಹುಲಿಗೆಮ್ಮ ಈ ಸಲ ಮುಂದೆಯೇ ಕೂತಿದ್ದಳು. "ಆ ಎರಡು ಯಾಕ ಕೆಳಗ ಬಿದ್ದಾವ?"

"ಗೊತ್ತಿಲ್ಲ. ಮಾಪಕದ ತಪ್ಪಿರಬಹುದು. ಯಾರರೆ ಬಾಗ್ಲಾ ತಗದಿರಬಹುದು. ನನ್ನ ಲೆಕ್ಕಾನ ತಪ್ಪಿದ್ರೂ ಇರಬಹುದು."

"ಕಲ್ಲು ಎಷ್ಟು ದಪ್ಪ?"

"ಅದೂ ಗೊತ್ತಿಲ್ಲ. ಇದು ಅದನ್ನ ಹೇಳಂಗಿಲ್ಲ."

ಹುಲಿಗೆಮ್ಮ ಸೀರೆಯ ಹತ್ತಿರ ಬಂದು ಚೌಕಗಳನ್ನು ಬೆರಳಿನಿಂದ ಎಣಿಸಿದಳು, ಎಡದ ಉಬ್ಬಿನಿಂದ ಬಲದ ಉಬ್ಬಿನವರೆಗೆ. ಆಮೇಲೆ ತಿರುಗಿ, "ನನಗ ಕಾಣತೈತಿ," ಎಂದಳು. "ಗೊತ್ತಿಲ್ಲದ್ದು ಗೊತ್ತಿಲ್ಲ ಅಂತಾಳ. ಒಡೀರಿ."

ದೇವೇಂದ್ರಪ್ಪನವರು ಎಲ್ಲರ ಮುಖ ನೋಡಿದರು. ಯಾರೂ ಬೇಡ ಎನ್ನಲಿಲ್ಲ. ಉಳಿದ ಹೊಸ ಸುಣ್ಣದ ತಟ್ಟೆಗಳನ್ನೆಲ್ಲ ಪಡುವಣಕ್ಕೆ ಸಾಗಿಸಲು ಅವರೇ ಹೇಳಿದರು.

ಗೋಡೆಯ ಮುಂದೆ ಇಬ್ಬರಿಗಷ್ಟೇ ಜಾಗ. ಇಬ್ಬರು ಹಾರೆ ಹಾಕುವುದು, ಹಿಂದಿನವರು ಕಲ್ಲು ಕೈಯಿಂದ ಕೈಗೆ ದಾಟಿಸುವುದು, ದಣಿದವರು ಬಂದು ಮಲಗುವುದು. ಪಡುವಣದಲ್ಲಿ ಗಾಳಿ ತುಸು ವಾಸಿ ಎಂದು ಮಕ್ಕಳನ್ನೂ ವಯಸ್ಸಾದವರನ್ನೂ ಆ ಸುರಂಗಕ್ಕೇ ತಂದು ಸಾಲಾಗಿ ಕೂರಿಸಿದ್ದರು. ಅಷ್ಟು ಜನ ಸೇರಿದ ಮೇಲೆ ಅಲ್ಲಿಯ ಗಾಳಿಯೂ ಕೆಟ್ಟಿತು. ಮೂರು ಆಳು ಉದ್ದ ಒಡೆದರೂ ಮುಂದೆ ಕಲ್ಲೇ. ಒಬ್ಬ ಹುಡುಗ ವಾಂತಿ ಮಾಡಿಕೊಂಡು ಬಿದ್ದ. ಇನ್ನೊಬ್ಬನ ಕೈಯಿಂದ ಹಾರೆ ತಾನಾಗಿ ಜಾರಿತು. ಶರಣಪ್ಪ ತನ್ನ ಸರದಿ ಮುಗಿದರೂ ಹಿಂದೆ ಬರುತ್ತಿರಲಿಲ್ಲ.

ಬಸಲಿಂಗವ್ವ ಗೋಡೆಗೆ ಒರಗಿ ಕೂತಿದ್ದಳು. ಸೊಸೆಯ ಕೈ ಹಿಡಿದಿದ್ದಳು. ಒಂದು ಸಲ, "ಹೊಡ್ಯಾಕತ್ತಾನೇನು?" ಎಂದು ಕೇಳಿದಳು.

"ಹೊಡ್ಯಾಕತ್ತಾರ್ರಿ."

"ಹೊಡೀಲಿ."

ಸ್ವಲ್ಪ ಹೊತ್ತಿನ ಮೇಲೆ ವಿಶಾಲಾಕ್ಷಿಗೆ ತನ್ನ ಕೈಯಲ್ಲಿದ್ದ ಕೈಯಿಂದ ಏನೋ ಹೋಯಿತೆನಿಸಿತು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಎದೆಗೆ ಕಿವಿಯಿಟ್ಟಳು. ಇಷ್ಟು ದಿನ ಆ ಎದೆಯಲ್ಲಿ ನಿಲ್ಲದೆ ಕೇಳಿಸುತ್ತಿದ್ದ ಸಿಳ್ಳೆ ನಿಂತಿತ್ತು. ಪಕ್ಕದಲ್ಲಿದ್ದ ಹುಲಿಗೆಮ್ಮ ನೋಡಿ ಅರ್ಥ ಮಾಡಿಕೊಂಡಳು. ಇಬ್ಬರೂ ಸೇರಿ ಆಕೆಯನ್ನು ಮೆಲ್ಲಗೆ ಅಡ್ಡ ಮಲಗಿಸಿದರು, ಕುತ್ತಿಗೆಯವರೆಗೆ ಕೌದಿ ಹೊದಿಸಿದರು.

"ಶರಣಪ್ಪಗ?" ಎಂದಳು ಹುಲಿಗೆಮ್ಮ ಪಿಸುದನಿಯಲ್ಲಿ.

ಅವನು ನಿಂತರೆ ಉಳಿದವರೂ ನಿಲ್ಲುತ್ತಾರೆಂದು ವಿಶಾಲಾಕ್ಷಿಗೆ ಗೊತ್ತಿತ್ತು. ನಿಂತ ಮೇಲೆ ಮತ್ತೆ ಏಳುವ ಶಕ್ತಿ ಯಾರಿಗೂ ಇರಲಿಲ್ಲ.

ಅವನು ನೀರಿಗೆಂದು ಬಂದ. ಮೈಯೆಲ್ಲ ಕಲ್ಲಿನ ಹುಡಿ, ಅಂಗೈಗಳು ಹಸಿಯಾಗಿ ಕೆಂಪಗಿದ್ದವು. ಕುಡಿದು ಮುಗಿಸಿ ತಾಯಿಯ ಕಡೆ ನೋಡಿದ.

"ಅವ್ವ ಮಕ್ಕೊಂಡಾಳೇನು?"

"ಹೂಂ," ಎಂದಳು ವಿಶಾಲಾಕ್ಷಿ.

"ಕೊನಿಗರೆ ಅಡ್ಡಾದ್ಲಲ್ಲ." ಅವನ ಮುಖ ಸಡಿಲವಾಯಿತು. "ಇಲ್ಲಿ ಗಾಳಿ ಚಲೋ ಐತಿ ಅನ್ನು."

ಅವನು ಎದ್ದುಹೋಗಿ ಹಾರೆ ಎತ್ತಿಕೊಂಡ. ಮುಂದಿನ ಏಟುಗಳು ಮೊದಲಿನವಕ್ಕಿಂತ ಜೋರಾಗಿದ್ದವು. ವಿಶಾಲಾಕ್ಷಿ ಒಂದೊಂದನ್ನೂ ಕೇಳಿಸಿಕೊಳ್ಳುತ್ತ ಕೂತಳು. ಭಾಗ್ಯ ಅಜ್ಜಿಯ ಕೌದಿಯ ತುದಿ ಎಳೆದುಕೊಂಡು ಮಲಗಲು ಬಂದಾಗ ಅವಳನ್ನು ಮೆಲ್ಲಗೆ ತನ್ನ ತೊಡೆಯ ಮೇಲಕ್ಕೆ ಎಳೆದುಕೊಂಡಳು.

ಹಾರೆ ಒಮ್ಮೆ ಕಲ್ಲಿನೊಳಗೆ ಹಿಡಿಯ ತನಕ ಹೋಯಿತು. ಆಚೆ ಏನೋ ಉರುಳಿದ ಸದ್ದು, ಬಹಳ ಹೊತ್ತು. ಮರುದಿನ ಬೆಳಗಿನ ಒತ್ತಡ ಏರುವ ಹೊತ್ತದು; ಆ ತೂತಿನಿಂದ ಗಾಳಿ ಬಂತು. ಬಿಸಿ ಗಾಳಿ, ಒಣ ಹುಲ್ಲಿನ ವಾಸನೆಯದು. ಮುಂದೆ ನಿಂತಿದ್ದವರು ಹಾರೆ ಬಿಟ್ಟು ಆ ತೂತಿಗೆ ಬಾಯಿ ಹಚ್ಚಿ ಉಸಿರಾಡಿದರು.

ಆಚೆ ಹಿಂದಿನ ಕಾಲದವರು ಅದಿರು ಹೊರುತ್ತಿದ್ದ ಓರೆ ಸುರಂಗವಿತ್ತು, ಎತ್ತಿನ ಗಾಡಿ ಹೋಗುವಷ್ಟು ಅಗಲ. ಕಡಿದ ಮೆಟ್ಟಿಲುಗಳು ಸವೆದಿದ್ದರೂ ಕಾಲಿಗೆ ಸಿಗುತ್ತಿದ್ದವು. ತೂತನ್ನು ಆಳು ನುಸುಳುವಷ್ಟು ಅಗಲ ಮಾಡಿ, ಮಕ್ಕಳನ್ನು ಮೊದಲು ಹತ್ತಿಸಿದರು. ಹುಲಿಗೆಮ್ಮ ಭಾಗ್ಯಳನ್ನು ಕಂಕುಳಲ್ಲಿ ಎತ್ತಿಕೊಂಡಳು. ತುದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಜಾಲರಿ, ಅದರ ಹಿಂದೆ ಜಾಲಿಯ ಪೊದೆ, ಅದರ ಹಿಂದೆ ಕಣ್ಣು ಕುಕ್ಕುವ ಬಿಳಿ ಬಿಸಿಲು. ಮೊದಲು ಜಾಲರಿ ಮುಟ್ಟಿದವನು ಕೈ ಹಿಂದೆಳೆದುಕೊಂಡ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮಧ್ಯಾಹ್ನದ ಹೊತ್ತು. ಹೊರಗೆ ಕಾಲಿಡುವಂತಿರಲಿಲ್ಲ. ದೂರದಲ್ಲಿ, ಗುಡ್ಡದ ಇನ್ನೊಂದು ಮಗ್ಗುಲಿಗೆ, ಶಾಫ್ಟಿನ ಜಾಗದಲ್ಲಿ ಯಂತ್ರಗಳ ಧೂಳು ಏಳುತ್ತಿತ್ತು. ಅಲ್ಲಿಯವರನ್ನು ಕೂಗಿ ಕರೆಯಲು ಯಾರ ಗಂಟಲಿಗೂ ಬಲವಿರಲಿಲ್ಲ. ಹಿಂದೆ ಕೆಟ್ಟ ಗಾಳಿ, ಮುಂದೆ ಬೆಂಕಿಯಂಥ ಬಿಸಿಲು. ಹೊತ್ತು ಮುಳುಗುವ ತನಕ ಆ ಬಾಯಿಯ ನೆರಳಿನಲ್ಲೇ ಕೂರಬೇಕೆಂದು ದೇವೇಂದ್ರಪ್ಪನವರು ಹೇಳಿದರು. ಜನ ಒಬ್ಬರಿಗೊಬ್ಬರು ಒರಗಿ ಕೂತು ಬರೀ ಉಸಿರಾಡಿದರು.

ಶರಣಪ್ಪ ಒಡೆದ ಗೋಡೆಯ ಆಚೆಯೇ ನಿಂತು ಕೊನೆಯವರನ್ನು ಹತ್ತಿಸಿ ಬಂದ. ಕೂತವರ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದ. ಎರಡು ಸಲ.

"ಅವ್ವನ್ನ ಯಾರು ಹೊತ್ಕೊಂಡು ಬಂದ್ರು?"

ವಿಶಾಲಾಕ್ಷಿ ಎದ್ದು ನಿಂತಳು. ಹುಲಿಗೆಮ್ಮ ತಲೆ ತಗ್ಗಿಸಿದಳು.

"ತಂದಿಲ್ರಿ. ಅಲ್ಲೇ ಅದಾರ."

ಅವನು ಅವಳ ಮುಖವನ್ನೇ ನೋಡಿದ. "ಯಾವಾಗ?"

"ನೀವು ನೀರು ಕುಡ್ಯಾಕ ಬರೂಕಿಂತ ಮುಂಚೆ."

"ಮಕ್ಕೊಂಡಾಳ ಅಂದಿ."

"ಅಂದೆ."

"ನನ್ನ ಮಾರಿ ನೋಡಿ ಅಂದಿ."

"ನಿಮಗ ಹೇಳಿದ್ರ ನೀವು ನಿಲ್ಲತಿದ್ರಿ."

"ನಿಲ್ಲತಿದ್ದೆ," ಎಂದ ಅವನು. "ನಮ್ಮವ್ವ ಅಕಿ. ನಿಲ್ಲತಿದ್ದೆ."

ಆ ತೊಂಬತ್ತು ಜನರಲ್ಲಿ ಕೆಲವರು ಕೇಳಿಸಿಕೊಂಡರು, ಕೆಲವರು ಕಣ್ಣು ಮುಚ್ಚಿಕೊಂಡಿದ್ದರು. ಶರಣಪ್ಪ ದೀಪ ತೆಗೆದುಕೊಂಡು ಮೆಟ್ಟಿಲು ಇಳಿಯತೊಡಗಿದ. ವಿಶಾಲಾಕ್ಷಿ ಹಿಂದೆ ಹೊರಟಾಗ ತಿರುಗದೆಯೇ, "ನೀ ಬ್ಯಾಡ," ಎಂದ.

ಅವಳು ಮೇಲಿನ ಮೆಟ್ಟಿಲಿನಲ್ಲೇ ನಿಂತಳು. ದೀಪದ ಬೆಳಕು ಸಣ್ಣದಾಗುತ್ತ ಹೋಗಿ, ಒಡೆದ ಗೋಡೆಯ ತೂತಿನಲ್ಲಿ ಮರೆಯಾಯಿತು. ಕೆಳಗಿನ ಗಾಳಿ ಇನ್ನೂ ಒಳ್ಳೆಯದಾಗಿರಲಿಲ್ಲ. ಒಬ್ಬನೇ ಹೆಚ್ಚು ಹೊತ್ತು ಇರುವಂತಿರಲಿಲ್ಲ. ಅವಳು ಕಿವಿಗೊಟ್ಟು ಕಾದಳು. ದೇವೇಂದ್ರಪ್ಪನವರು ಇಬ್ಬರು ಹುಡುಗರನ್ನು ಕಳಿಸಲು ಎದ್ದರು. ಅವಳು ಕೈಯೆತ್ತಿ ಬೇಡವೆಂದಳು.

ಬಹಳ ಹೊತ್ತಿನ ಮೇಲೆ ಕತ್ತಲೆಯಿಂದ ಅವನ ದನಿ ಬಂತು. ದಣಿದ, ಒರಟು ದನಿ.

"ವಿಶಾಲಿ."

"ಆಂ."

"ಒಬ್ಬಂವನ ಕೈಲಿ ಆಗವಲ್ದು. ಕಾಲ್ಕಡೆ ಹಿಡಿ ಬಾ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು, ಕತ್ತಲೆಗೆ ಇಳಿದಳು.